ಧಕ್ಕೆಯ ಮೇಲಣ ತೊಟ್ಟಿಲು

ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಸಾಂತಾ ಮೋನಿಕಾ ನಗರದ ಧಕ್ಕೆಯನ್ನು ಕಂಡೆವು. ಕಂಬಗಳ ಮೇಲೆ ಶಾಂತಸಾಗರದೊಳಕ್ಕೆ ಚಾಚಿರುವ ಅದು 1909ರಲ್ಲಿ ತೆರೆದದ್ದು. ಆಗಿನ ಉದ್ದೇಶ ವಿಹಾರವಲ್ಲ, ಊರ ಕೊಳಚೆನೀರಿನ ಕೊಳವೆಯನ್ನು ಅಲೆಗಳಾಚೆಗೆ ಒಯ್ಯುವುದು! 1916ರಲ್ಲಿ ಪಕ್ಕದಲ್ಲೇ ಮರದ ಕುದುರೆಗಳ ತಿರುಗಣಿ ಬಂದಿತು. 1973ರಲ್ಲಿ ನಗರಸಭೆಯು ಧಕ್ಕೆಯನ್ನು ಕೆಡವಲು ನಿರ್ಣಯಿಸಿದಾಗ ಊರವರೇ ಎದ್ದುನಿಂತು ತಡೆದರು. 1983ರ ಬಿರುಗಾಳಿಗಳಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕು ಕಡಲು ಸೇರಿತು; ಮತ್ತೆ ಕಟ್ಟಿದರು. 1996ರಲ್ಲಿ ಅದರ ಮೇಲೆ ಪೆಸಿಫಿಕ್ ಪಾರ್ಕ್ ಎಂಬ ಹೊಸ ವಿನೋದೋದ್ಯಾನವನ್ನು ತೆರೆದರು.

ಇಷ್ಟು ಅಕ್ಕರೆಯಿಂದ ಉಳಿಸಿಕೊಂಡ ಹಳೆಯದರ ಮೇಲೆ ಈ ಗದ್ದಲವೇಕೆಂದು, ಮಠದಲ್ಲಿ ಓದಿದವನ ಗತ್ತಿನಿಂದ, ನಾನು ಮುಖ ಸಿಂಡರಿಸಿದೆ. ಅಷ್ಟರಲ್ಲಿ ನಮ್ಮ ಮನೆಯವರು ಮೊಮ್ಮಗನ ಕೈಹಿಡಿದು ದೊಡ್ಡ ತೊಟ್ಟಿಲನ್ನೇರಿಬಿಟ್ಟಿದ್ದರು. ಮದುವೆಯಾದ ವರುಷ ಊರ ಜಾತ್ರೆಯಲ್ಲಿ ತೊಟ್ಟಿಲಾಡಬೇಕೆಂದು ಆಕೆ ಕೇಳಿದಾಗ, ಪಂಡಿತನ ಹೆಂಡತಿಗೆ ಅದು ತರವಲ್ಲವೆಂದು ಗದರಿಸಿದ್ದೆ. ಆಮೇಲೆ ನಲವತ್ತು ವರುಷ ಆಕೆ ಆ ಮಾತೆತ್ತಿರಲಿಲ್ಲ.

ಇಳಿದು ಬಂದವರು, "ಎಷ್ಟು ದೂರದ ತನಕ ಸಮುದ್ರ ಕಾಣತದರಿ! ನೀವೂ ಬರಬೇಕಿತ್ತು" ಎಂದರು.

ಮಗ ಇನ್ನೊಂದು ಸುತ್ತಿಗೆ ಚೀಟಿ ತರಲು ಹೊರಟಿದ್ದ. "ತಮ್ಮಾ, ನನಗೂ ಒಂದು ತಾ" ಎಂದೆ.