ಲಿಟರೇಟಿಮ್, ಅಪ್ಪ ಮತ್ತು ಅಶೋಕ

ಮೂರನೇ ಸೆಮಿಸ್ಟರ್‌ನಲ್ಲಿ ನನ್ನ ಸ್ಕಾಲರ್‌ಶಿಪ್ ಅರ್ಜಿ ರಿಜೆಕ್ಟ್ ಆಯ್ತು. ಕಾರಣ ಒಂದೇ ಸಾಲು: ತಂದೆಯ ಹೆಸರು ದಾಖಲೆಗಳಲ್ಲಿ ‘ಲಿಟರೇಟಿಮ್’ ಹೊಂದುತ್ತಿಲ್ಲ. ಹಾಸ್ಟೆಲ್‌ನಲ್ಲಿ ಯಾರನ್ನ ಕೇಳಿದರೂ ಆ ಪದ ಗೊತ್ತಿಲ್ಲ.

ಡಿಕ್ಷನರಿ ತೆಗೆದೆ. ಲ್ಯಾಟಿನ್‌ನಲ್ಲಿ ‘ಲಿಟೆರಾ’ ಅಂದ್ರೆ ಅಕ್ಷರ. ಲೆಟರ್, ಲಿಟರೇಚರ್ ಎರಡೂ ಅದರ ಮಕ್ಕಳೇ. ಅದಕ್ಕೆ ‘ಆಟಿಮ್’ ಅನ್ನೋ ಬಾಲ ಸೇರಿದರೆ ‘ಒಂದೊಂದೇ ಅಕ್ಷರವಾಗಿ’. ‘ವರ್ಬುಮ್’ ಅಂದ್ರೆ ಪದ, ಅದರಿಂದ ವರ್ಬೇಟಿಮ್. ಸೀರೀಸ್‌ನಿಂದ ಸೀರಿಯೇಟಿಮ್, ಅಂದ್ರೆ ಒಂದಾದ ಮೇಲೊಂದು. ನಮ್ಮಲ್ಲಿ ಸಂಸ್ಕೃತದಿಂದ ಬಂದ ‘ಶಃ’ ಇದೇ ಕೆಲಸ ಮಾಡುತ್ತೆ: ಅಕ್ಷರಶಃ, ಕ್ರಮಶಃ.

ಅರ್ಥ ಸಿಕ್ಕಿತು, ತಪ್ಪೂ ಸಿಕ್ಕಿತು. ಅಪ್ಪನ ಹೆಸರು ಬಸವರಾಜ. ಮಸ್ಕಿಯಲ್ಲಿ ಓದಿದ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಇಂಗ್ಲಿಷಿನ 10 ಅಕ್ಷರ. ಲಿಂಗಸುಗೂರಿನ ಪಿಯುಸಿಯಲ್ಲಿ ಕೊನೆಯ ‘ಎ’ ಹೋಗಿ 9. ಸಿಂಧನೂರಲ್ಲಿ ಮಾಡಿಸಿದ ಅಪ್ಪನ ಆಧಾರ್‌ನಲ್ಲಿ ನಡುವಿನ ಇನ್ನೊಂದು ‘ಎ’ಯೂ ಹೋಗಿ 8!

ನಾಟಿ ಕೆಲಸ ಬಿಟ್ಟು ಅಪ್ಪ ನನ್ನ ಜೊತೆ ಕೌಂಟರ್‌ಗೆ ಬಂದ. ಫಾರಂ ಹಿಂದೆ ತನ್ನ ಹೆಸರು ಕನ್ನಡದಲ್ಲಿ ಬರೆದು, “ಐದ ಅಕ್ಷರ ಅದಾವ ನೋಡ್ರಿ. ನಾನು ಯಾವತ್ತೂ ತಪ್ಪು ಬರ್ದಿಲ್ಲ” ಅಂದ. ನಿಜ. ಬ, ಸ, ವ, ರಾ, ಜ. ನಮ್ಮ ಅಕ್ಷರದೊಳಗೆ ಸ್ವರ ಕೂತೇ ಇರುತ್ತೆ, ಕಳೆದುಹೋಗೋಕೆ ಜಾಗವೇ ಇಲ್ಲ. ಆದರೆ ಸಿಸ್ಟಮ್ ಕನ್ನಡ ತಗೊಳ್ಳಲಿಲ್ಲ.

ವಾಪಸ್ ಬರುವಾಗ ಮಸ್ಕಿಯ ಶಾಸನ ನೆನಪಾಯ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ್ದರು. ಆದರೆ ಬಂಡೆಗಳ ಮೇಲೆ ಸಿಗುತ್ತಿದ್ದದ್ದು ‘ದೇವಾನಂಪಿಯ’, ‘ಪಿಯದಸಿ’ ಅನ್ನೋ ಬಿರುದುಗಳೇ. ಅದು ಅಶೋಕನೇ ಅಂತ ಸಿಂಹಳದ ಗ್ರಂಥಗಳ ಆಧಾರದ ಮೇಲೆ ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಈ ಶಾಸನ ಕಂಡರು, ಎಚ್. ಕೃಷ್ಣಶಾಸ್ತ್ರಿ ಅದನ್ನ ಓದಿ ಪ್ರಕಟಿಸಿದರು. ಅಲ್ಲಿ ಬಿರುದಿನ ಪಕ್ಕದಲ್ಲೇ ಹೆಸರಿತ್ತು: ಅ, ಸೋ, ಕ. ಮೂರೇ ಅಕ್ಷರ, ಊಹೆ ಖಾತ್ರಿಯಾಯ್ತು. ನಮ್ಮ ಲಿಪಿಯ ಮೂಲವೂ ಆ ಬ್ರಾಹ್ಮಿಯೇ.

“ಅವನ ಆಧಾರ್ ಕಲ್ಲಿನ ಮ್ಯಾಲೆ ಐತಿ, ಪುಣ್ಯವಂತ” ಅಂದ ಅಪ್ಪ.

ಅಫಿಡವಿಟ್ ಮಾಡಿಸಿ ಅರ್ಜಿ ಮತ್ತೆ ಹಾಕಿದೀವಿ. ಜೂನಿಯರ್‌ಗಳೇ, ಕೊನೇ ದಿನಾಂಕಕ್ಕಿಂತ ಮುಂಚೆ ನಿಮ್ಮ ಅಪ್ಪ-ಅಮ್ಮನ ಹೆಸರು ಒಮ್ಮೆ ತಾಳೆ ನೋಡಿಕೊಳ್ಳಿ. ಲಿಟರೇಟಿಮ್.