ಗೆಳೆಯನಿಗೆ ಹೇಳದ ತಲೆನೋವು

ಬಳ್ಳಾರಿಯ ಕೋಟೆ ಗುಡ್ಡವನ್ನು ನಸುಕಿನಲ್ಲಿ ಎರಡು ಸಲ ಹತ್ತಿಳಿದು, ಒಗ್ಗರಣೆ-ಮಿರ್ಚಿ ತಿಂದು ಕೆಲಸಕ್ಕೆ ಹೋಗುತ್ತಿದ್ದವನು ನಾನು. ಭಾನುವಾರ ಬಂತೆಂದರೆ ಬೆನ್ನಿಗೆ 15 ಕೆ.ಜಿ. ಚೀಲ ಹೊತ್ತು ಕುರುಗೋಡಿನ ಬೆಟ್ಟ. ಕೊಡಗಿನ ಭವಾನಿ ಗುಲ್ಮಾರ್ಗ್‌ನ ಹಿಮದಲ್ಲಿ ಸ್ಕೀ ಓಡಿ ಕರ್ನಾಟಕಕ್ಕೆ ಪದಕ ತಂದ ಸುದ್ದಿ ಓದಿದ ಮೇಲಂತೂ ತಡೆಯಲಾಗಲಿಲ್ಲ. ಮನಾಲಿಯಲ್ಲಿ ಸ್ಕೀ ಕಲಿತು, ಮರುವರ್ಷ ಏಪ್ರಿಲ್‌ನಲ್ಲಿ 5,289 ಮೀಟರ್ ಎತ್ತರದ ಫ್ರೆಂಡ್‌ಶಿಪ್ ಶಿಖರಕ್ಕೆ ಹೊರಟೆ. ಜೊತೆಗೆ ಸಿರುಗುಪ್ಪದ ಗೆಳೆಯ. ಭತ್ತದ ಗದ್ದೆಯಲ್ಲಿ ಬೆಳೆದವನು, ಯಾವುದಕ್ಕೂ ಅವಸರವಿಲ್ಲದವನು.

ಸ್ಕೀ ಕಟ್ಟಿಕೊಂಡು ಹತ್ತುವುದೂ ಉಂಟೆಂದು ನಮ್ಮ ಕಡೆಯವರಿಗೆ ಹೇಳಿದರೆ ನಂಬುವುದಿಲ್ಲ. ಹಲಗೆಯ ಅಡಿಗೆ ರೋಮದಂಥ ಪಟ್ಟಿ ಅಂಟಿಸುತ್ತಾರೆ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಿಮ್ಮಡಿ ಎತ್ತಿ ಎತ್ತಿ ನಡೆಯುವುದು. ಮೇಲೆ ಹೋಗಿ ಪಟ್ಟಿ ಕಿತ್ತರೆ ಎರಡು ತಾಸು ಹತ್ತಿದ್ದನ್ನು ಹತ್ತು ನಿಮಿಷದಲ್ಲಿ ಇಳಿಯಬಹುದು. ಎತ್ತರಕ್ಕೆ ಮೈ ಒಗ್ಗಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ: ಹಗಲು ಮೇಲೆ ಹೋಗಿ ಬಾ, ರಾತ್ರಿ ಕೆಳಗೆ ಮಲಗು. ನಾನು ಕೆಟ್ಟದ್ದೂ ಅದರಿಂದಲೇ. ಕಾಲು ಸೋಲುವುದಿಲ್ಲವಾದ್ದರಿಂದ ರಕ್ತ ಇನ್ನೂ ಸಿದ್ಧವಾಗಿಲ್ಲ ಎಂಬುದು ಗೊತ್ತೇ ಆಗುವುದಿಲ್ಲ.

ಸುಮಾರು 3,300 ಮೀಟರಿನ ಬಕರ್‌ಥಾಚ್‌ನಲ್ಲಿ ಎರಡು ರಾತ್ರಿ ತಂಗಬೇಕೆಂದು ತಂಡದ ಮುಖ್ಯಸ್ಥರು ಹೇಳಿದ್ದರು. ಮೊದಲ ದಿನವೇ ಎಲ್ಲರೂ ಚಹಾ ಕುಡಿಯುತ್ತಾ ಕೂತಾಗ ನಾನು ಇನ್ನೊಂದು ಸುತ್ತು ಮೇಲೆ ಹೋಗಿ ಬಂದೆ. ಮರುದಿನ, ಮೈ ಗಟ್ಟಿಯಿದೆ, ಮೇಲಿನ ಕ್ಯಾಂಪಿಗೆ ಇವತ್ತೇ ಹೋಗೋಣ ಎಂದು ಒತ್ತಾಯ ಮಾಡಿದವನೂ ನಾನೇ. ಆಗಲೇ ಹಣೆಯ ಎರಡೂ ಬದಿ ಹಿಡಿದುಕೊಂಡಿತ್ತು. ಯಾರಿಗೂ ಕಾಣದಂತೆ ನೋವಿನ ಮಾತ್ರೆ ನುಂಗಿದ್ದೆ.

"ಯಾಕಪ, ಏನಾಗೈತಿ?" ಎಂದು ದಾರಿಯಲ್ಲಿ ಗೆಳೆಯ ಕೇಳಿದ. ಏನಿಲ್ಲ ಅಂದೆ. ಊಟ ಬಿಟ್ಟಾಗ ಕೇಳಿದ. ರಾತ್ರಿ ಡೇರೆಯಲ್ಲಿ ಮಗ್ಗಲು ಬದಲಿಸುತ್ತಿದ್ದಾಗ ಮತ್ತೆ ಕೇಳಿದ. ಮೂರು ಸಲವೂ ಸುಳ್ಳು ಹೇಳಿದೆ.

ಸುಮಾರು 3,800 ಮೀಟರಿನ ಆ ಮೇಲಿನ ಕ್ಯಾಂಪಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಬಳ್ಳಾರಿಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ಗತಿಯಲ್ಲಿ. ಮೊದಲು ಉಸಿರು ಜೋರಾಗುತ್ತದೆ, ಮೂತ್ರ ಹೆಚ್ಚುತ್ತದೆ. ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬ ನಿಯಮ ಇರುವುದು ಇದಕ್ಕಾಗಿ. ಕುರುಗೋಡಿನ ಬಿಸಿಲಲ್ಲಿ ಗಳಿಸಿದ ದಮ್ಮು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ನಡುರಾತ್ರಿ ಡೇರೆಯ ಹೊರಗೆ ವಾಂತಿ ಮಾಡಿಕೊಂಡು, ಕೈಯಿಂದ ಹಿಮ ಎಳೆದು ಮುಚ್ಚಿದೆ. ಬೆಳಿಗ್ಗೆ ಸ್ಕೀ ಬೂಟಿನ ಕೊಕ್ಕೆ ಹಾಕಲು ಹೋದರೆ ಅದು ಹಲ್ಲಿಗೆ ಸಿಗುತ್ತಿಲ್ಲ. ಒಂದು ಸಲ, ಎರಡು ಸಲ, ನಾಲ್ಕು ಸಲ. ದಿನವೂ ಕಣ್ಣು ಮುಚ್ಚಿ ಹಾಕುತ್ತಿದ್ದ ಕೊಕ್ಕೆ ಅದು. ಮುಖ್ಯಸ್ಥರು ನೋಡುತ್ತಲೇ ಇದ್ದರು. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ನಡೆಯಲು ಹೇಳಿದರು. ಮೂರನೇ ಹೆಜ್ಜೆಗೆ ಬಿದ್ದೆ.

ಎತ್ತರದ ಕಾಯಿಲೆ ಮಿದುಳಿನವರೆಗೆ ಹೋಗಿದೆ ಎಂಬುದರ ಗುರುತು ಅದು. ತಡಮಾಡಿದರೆ ಜೀವ ಹೋಗುತ್ತದೆ. ನನ್ನನ್ನು ಹಿಡಿದು ನಡೆಸಿಕೊಂಡೇ ಇಳಿಸಿದರು. ನನ್ನ ಸ್ಕೀಗಳನ್ನು ತನ್ನ ಚೀಲಕ್ಕೆ ಕಟ್ಟಿಕೊಂಡು ಗೆಳೆಯನೂ ಇಳಿದ. ಅವನಿಗೆ ಒಂದಿಷ್ಟೂ ತಲೆನೋವಿರಲಿಲ್ಲ, ಶಿಖರ ಮುಟ್ಟಬೇಕಾಗಿದ್ದವನು. ಸುಮಾರು 2,800 ಮೀಟರಿನ ಧುಂಡಿಗೆ ಬಂದಾಗ ನನಗೆ ಹಸಿವಾಯಿತು.

ಮಾತ್ರೆಯ ವಿಷಯ ಅವನಿಗೆ ಹೇಳಲು ಎರಡು ವರ್ಷ ಹಿಡಿಯಿತು. ಸಿರುಗುಪ್ಪದಲ್ಲಿ, ಅವರ ಗದ್ದೆಯ ಬದುವಿನ ಮೇಲೆ ಕೂತು ಹೇಳಿದೆ. ಬಹಳ ಹೊತ್ತು ನೀರು ನೋಡುತ್ತಾ ಕೂತ. "ಮೂರು ಸಲ ಕೇಳಿದ್ನೆಪ" ಅಂದ, ಅಷ್ಟೇ.

ನಮ್ಮ ಗುಡ್ಡಗಳಲ್ಲಿ ಕಾಲು ಪಳಗಿಸಿಕೊಂಡು ಹಿಮಾಲಯಕ್ಕೆ ಹೊರಡುವ ಹುಡುಗರಲ್ಲಿ ಒಂದೇ ಕೋರಿಕೆ: ತಲೆ ನೋಯುತ್ತಿದ್ದರೆ ಮಾತ್ರೆ ನುಂಗುವ ಮೊದಲು ಪಕ್ಕದಲ್ಲಿ ಮಲಗುವವನಿಗೆ ಹೇಳಿ.