ನಿಶ್ಚಿತಾರ್ಥದ ವಜ್ರವೂ ಅಚೌರ್ಯಾಣುವ್ರತವೂ

ಗೃಹಸ್ಥನ ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವನ್ನು ಸಮಾಜದಲ್ಲಿ ಅನೇಕರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನ ವ್ರತವೆಂದೇ ಭಾವಿಸಿದ್ದಾರೆ. ಮಾರುವವನಿಗೆ ಅತಿಚಾರದ ಭಯ, ಕೊಳ್ಳುವವನಿಗೆ ಮೋಸಹೋಗುವ ಭಯ ಮಾತ್ರ ಎಂಬುದು ಲೋಕರೂಢಿ. ಕೊಳ್ಳುವವನೂ ಈ ವ್ರತಕ್ಕೆ ಕುಂದು ತಂದುಕೊಳ್ಳಬಲ್ಲನೆಂಬುದು ಹೆಗ್ಗಡದೇವನಕೋಟೆಯ ಒಬ್ಬ ಶ್ರಾವಕರಿಗೆ ಮಗನ ನಿಶ್ಚಿತಾರ್ಥದ ಉಂಗುರವನ್ನು ಕೊಳ್ಳುವ ಸಂದರ್ಭದಲ್ಲಿ ಮನವರಿಕೆಯಾಯಿತು.

ಅವರದು ದಿನಸಿ ಅಂಗಡಿ. ಪಾಮೋಲಿನ್ ಎಣ್ಣೆಯನ್ನು ಕಡಲೆಕಾಯಿ ಎಣ್ಣೆಯೆಂದು ಒಮ್ಮೆಯೂ ಅಳೆದು ಕೊಟ್ಟವರಲ್ಲ. ಅವರ ಮದುವೆಯ ಕಾಲಕ್ಕೆ ನಿಶ್ಚಿತಾರ್ಥವೆಂದರೆ ಲಗ್ನಪತ್ರಿಕೆಯನ್ನು ಓದಿಸಿ ತಾಂಬೂಲ ಬದಲಾಯಿಸಿಕೊಳ್ಳುವುದಷ್ಟೇ. ವಜ್ರದ ಉಂಗುರವೇ ಆಗಬೇಕೆಂಬ ಆಸೆ ಲೋಕದಲ್ಲಿ ಹಬ್ಬಿದ್ದು, ವಜ್ರವು ಶಾಶ್ವತವೆಂದು ಸಾರುವ ಒಂದು ಜಾಹೀರಾತಿನ ವಾಕ್ಯ 1947ರಲ್ಲಿ ಡಿ ಬಿಯರ್ಸ್ ಕಂಪನಿಗಾಗಿ ಅಮೆರಿಕದಲ್ಲಿ ರಚಿತವಾದ ಮೇಲೆ. ಅನಿತ್ಯಾನುಪ್ರೇಕ್ಷೆಯನ್ನು ಕಂಠಪಾಠ ಮಾಡಿದ ಮನೆಗಳಿಗೂ ಆ ವಾಕ್ಯ ಬಂದು ತಲುಪಿದೆ! ಮಗ ಮೈಸೂರಿನಲ್ಲಿ ಉದ್ಯೋಗದಲ್ಲಿದ್ದವನು. ವಧುವಿನ ಅಕ್ಕನಿಗೆ ಬಂದ ಉಂಗುರದಲ್ಲಿ ಅರ್ಧ ಕ್ಯಾರೆಟ್ಟಿನ ಹರಳಿತ್ತು. ಅದಕ್ಕಿಂತ ಕಿರಿದಾದುದನ್ನು ತೊಡಿಸಲು ಅವನಿಗೆ ಮನಸ್ಸಿರಲಿಲ್ಲ.

ಲೆಕ್ಕದ ಮನುಷ್ಯರಾದ ತಂದೆ ಮೊದಲು ವಿಷಯವನ್ನು ಅರಿತುಕೊಂಡರು. ಹರಳಿನ ಕ್ಯಾರೆಟ್ ತೂಕದ ಅಳತೆ, ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ. ಎರಡಕ್ಕೂ ಹೆಸರು ಒಂದೇ ಆದುದರಿಂದ ಗಿರಾಕಿ ಗೊಂದಲಕ್ಕೊಳಗಾಗುತ್ತಾನೆ. ಹರಳಿನ ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಂ, ಅದರ ನೂರನೆಯ ಒಂದು ಭಾಗಕ್ಕೆ ಸೆಂಟ್ ಎಂದು ಹೆಸರು. ಅರ್ಧ ಕ್ಯಾರೆಟ್ ಎಂದರೆ 100 ಮಿಲಿಗ್ರಾಂ; ಅವರ ಅಂಗಡಿಯ ತಕ್ಕಡಿಯ ಕಣ್ಣಿಗೆ ಬೀಳದ ತೂಕ. 18 ಕ್ಯಾರೆಟ್ ಚಿನ್ನದ ಮೇಲೆ 750 ಎಂಬ ಅಂಕಿ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಜೊತೆಗೆ ಆರು ಅಕ್ಷರಾಂಕಿಗಳ ಗುರುತು ಸಂಖ್ಯೆಯೂ ಕಡ್ಡಾಯ. ಆದರೆ ಆ ಮುದ್ರೆ ಸಾಕ್ಷಿ ನುಡಿಯುವುದು ಚಿನ್ನಕ್ಕೆ ಮಾತ್ರ, ಹರಳಿಗಲ್ಲ. ಹರಳಿಗೆ ರತ್ನಪರೀಕ್ಷಾಲಯದ ಪ್ರತ್ಯೇಕ ಪತ್ರ ಬೇಕು. ಉಂಗುರದ ಒಟ್ಟು ತೂಕದಿಂದ ಹರಳಿನ ತೂಕವನ್ನು ಕಳೆದು ಉಳಿದುದಕ್ಕೆ ಮಾತ್ರ ಚಿನ್ನದ ದರ ಹಾಕಬೇಕು. ಹಾಗೆ ಕಳೆಯದೆ ಹಾಕಿದರೆ, ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂಬುದು ಅದೇ.

ಅಶೋಕ ರಸ್ತೆಯ ಮೊದಲನೆಯ ಅಂಗಡಿಯಲ್ಲಿ, ಬಿಲ್ ಬೇಡವಾದರೆ ಶೇಕಡಾ 3ರ ತೆರಿಗೆ ಉಳಿಯುತ್ತದೆಂಬ ಸೂಚನೆ ಬಂದಿತು. ಇದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು. ತಂದೆ ಎದ್ದುಬಿಟ್ಟರು. ಮಗ ಮಾತ್ರ ಆ ಮೂರರಷ್ಟು ಎಷ್ಟಾಗುತ್ತದೆಂದು ಲೆಕ್ಕ ಹಾಕಿಯೇ ಎದ್ದನು.

ಎರಡನೆಯ ಅಂಗಡಿಯವರು ಪ್ರಾಮಾಣಿಕರು. ಎರಡು ತಟ್ಟೆಗಳನ್ನು ಮುಂದಿಟ್ಟು, ಒಂದರಲ್ಲಿ ಗಣಿಯ ವಜ್ರ, ಇನ್ನೊಂದರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಎಂದು ಬಿಡಿಸಿ ಹೇಳಿದರು. ಒಂದು ನೂರು ಕೋಟಿ ವರ್ಷಕ್ಕೂ ಹಳೆಯದು, ಇನ್ನೊಂದು ಕೆಲವು ವಾರಗಳದು. (ಹಳತೆಂಬುದೇ ಬೆಲೆಗೆ ಕಾರಣವಾದರೆ, ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನವೆಂದು ಭೂವಿಜ್ಞಾನಿಗಳು ಹೇಳುವ ಸರಗೂರಿನ ಶಿಲೆಗಳ ಮೇಲೆ ಕೋಟೆ ಸೀಮೆಯವರು ದಿನವೂ ನಡೆದಾಡುತ್ತಾರೆ.) ಎರಡೂ ಇಂಗಾಲದ ಹರಳುಗಳೇ, ಶಾಖ ನೋಡುವ ಸಾಮಾನ್ಯ ಕೈಯಂತ್ರವೂ ಎರಡನ್ನೂ ವಜ್ರವೆಂದೇ ತೋರಿಸುತ್ತದೆ. ಬೆಲೆಯಲ್ಲಿ ಮಾತ್ರ ಅಂದು ಎರಡನೆಯದು ಮೊದಲನೆಯದರ ಐದನೆಯ ಒಂದು ಪಾಲು.

“ನೋಡಿದರೆ ಯಾರಿಗೂ ತಿಳಿಯದು, ಸ್ವಾಮಿ” ಎಂದರು ಅಂಗಡಿಯವರು. ಅವರು ಅದನ್ನು ಗುಣವೆಂದು ಹೇಳಿದರು. ಮಗ ಉಪಾಯವೆಂದು ಕೇಳಿಸಿಕೊಂಡನು. ಅರ್ಧ ಕ್ಯಾರೆಟ್ಟಿನ ಬೆಳೆಸಿದ ವಜ್ರಕ್ಕೆ ಮುಂಗಡ ಕೊಟ್ಟಾಯಿತು. ಬೀಗರಿಗೆ ಏನು ಹೇಳಬೇಕೆಂಬ ಮಾತನ್ನು ತಂದೆಯೂ ಎತ್ತಲಿಲ್ಲ. ದಶಲಕ್ಷಣ ಪರ್ವದಲ್ಲಿ ವರ್ಷವರ್ಷವೂ ಅತಿಚಾರಗಳನ್ನು ಓದಿ ಹೇಳುತ್ತಿದ್ದವರು, ಮೈಸೂರಿನಿಂದ ಕೋಟೆಯವರೆಗೆ ಬಸ್ಸಿನಲ್ಲಿ ಮೌನವಾಗಿ ಕುಳಿತು ಬಂದರು.

ಪ್ರಶ್ನೆಯನ್ನು ಎತ್ತಿದವರು ಮನೆಯಲ್ಲಿದ್ದ ತಾಯಿ. “ಆ ಮಗುವಿಗೆ ಹೇಳಿದ್ದೀಯೇನಪ್ಪಾ?”

“ಸುಳ್ಳೇನೂ ಹೇಳುತ್ತಿಲ್ಲವಲ್ಲಮ್ಮ, ಅದೂ ವಜ್ರವೇ ತಾನೆ?”

“ಹಾಗಿದ್ದರೆ ಹೇಳುವುದಕ್ಕೆ ಕಷ್ಟವೇನು?”

ಮಗನಲ್ಲಿ ಉತ್ತರವಿರಲಿಲ್ಲ. ತಂದೆಯಲ್ಲಿತ್ತು, ಆದರೆ ಅದು ಅವರಿಗೇ ವಿರುದ್ಧವಾದ ಉತ್ತರ. ಪ್ರತಿರೂಪಕವ್ಯವಹಾರವೆಂದರೆ ಒಂದನ್ನು ತೋರಿಸಿ ಅದನ್ನು ಮತ್ತೊಂದೆಂದು ನಂಬಿಸುವುದು. ವಸ್ತು ನಕಲಿಯಾಗಿರಲೇಬೇಕೆಂದಿಲ್ಲ, ಎದುರಿನವರ ತಿಳಿವಳಿಕೆ ತಪ್ಪೆಂದು ಗೊತ್ತಿದ್ದು, ಆ ತಪ್ಪಿನಿಂದ ಬರುವ ಗೌರವವನ್ನು ಬಾಯಿಮುಚ್ಚಿ ಪಡೆದರೂ ಸಾಕು. ಪಾಮೋಲಿನ್ ಕೂಡ ಎಣ್ಣೆಯೇ ಅಲ್ಲವೇ?

ಹಾಗೆಂದು ಗಣಿಯ ವಜ್ರವೇ ನಿರ್ದೋಷವೆಂದು ತೀರ್ಮಾನಿಸುವಂತಿಲ್ಲ. ಅಂಗೋಲ, ಸಿಯೆರಾ ಲಿಯೋನ್‌ಗಳ ಅಂತರ್ಯುದ್ಧಗಳಿಗೆ ವಜ್ರದ ಹಣ ಹರಿದ ಮೇಲೆಯೇ 2003ರಲ್ಲಿ ಕಿಂಬರ್ಲಿ ಪ್ರಮಾಣೀಕರಣ ವ್ಯವಸ್ಥೆ ಜಾರಿಗೆ ಬಂದದ್ದು. ಅದೂ ಬಂಡುಕೋರರಿಗೆ ಹಣ ಒದಗಿಸುವ ಒರಟು ವಜ್ರಗಳನ್ನಷ್ಟೇ ತಡೆಯುತ್ತದೆ; ಗಣಿಯಲ್ಲಿ ದುಡಿದವನ ಕೂಲಿಯನ್ನಾಗಲಿ ನೆಲದ ಹಾನಿಯನ್ನಾಗಲಿ ವಿಚಾರಿಸುವುದಿಲ್ಲ. ಕದ್ದು ತಂದುದನ್ನು ಸ್ವೀಕರಿಸುವ ತದಾಹೃತಾದಾನದ ಪ್ರಶ್ನೆ ಅಲ್ಲಿ ಬಾಗಿಲಲ್ಲೇ ನಿಂತಿರುತ್ತದೆ. ಸೂರತ್ತಿನಲ್ಲಿ ಸಾಣೆ ಹಿಡಿದ ಹರಳುಗಳ ವ್ಯಾಪಾರವನ್ನು ಲೋಕವ್ಯಾಪಿಯಾಗಿ ನಡೆಸಿದವರಲ್ಲಿ ಪಾಲನಪುರದ ಜೈನರೇ ಪ್ರಮುಖರಾಗಿರುವುದರಿಂದ, ಇದನ್ನು ಪರರ ಪ್ರಶ್ನೆಯೆಂದು ಸಮಾಜವು ಕೈತೊಳೆದುಕೊಳ್ಳಲಾಗದು. ಆ ತಾಯಿ ಕೇಳಿದ್ದು ಮಾತ್ರ ಇದಾವುದನ್ನೂ ಅಲ್ಲ.

ಅಂದು ರಾತ್ರಿ ಮಗ ದೂರವಾಣಿಯಲ್ಲಿ ವಧುವಿಗೆ ಇದ್ದುದನ್ನು ಇದ್ದಂತೆ ಹೇಳಿದನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಳೆ ಹೇಳುತ್ತೇನೆಂದಳು. ಮರುದಿನ ಮಾತನಾಡಿದವರು ಆಕೆಯ ತಂದೆ. ತಿಳಿಸಿದ್ದು ಒಳ್ಳೆಯದಾಯಿತೆಂದರು, ಆದರೆ ನೆಂಟರು ಕೇಳಿದರೆ ಏನೆನ್ನಲಿ ಎಂಬ ಸಂಕೋಚವೂ ಅವರ ಧ್ವನಿಯಲ್ಲಿತ್ತು. ಕೊನೆಗೆ ಹುಡುಗಿಯೇ ನಿರ್ಧರಿಸಿದಳು: ಬೆಳೆಸಿದ ವಜ್ರವೇ ಇರಲಿ, ಆದರೆ 30 ಸೆಂಟ್ ಸಾಕು, ಅಕ್ಕನ ಉಂಗುರದೊಡನೆ ಪೈಪೋಟಿ ಬೇಡ.

ನಿಶ್ಚಿತಾರ್ಥದ ದಿನ ಉಂಗುರದ ತಟ್ಟೆಯಲ್ಲಿ ವೀಳ್ಯದೆಲೆ, ಅಡಕೆಗಳ ಪಕ್ಕದಲ್ಲಿ ಬಿಲ್ಲನ್ನೂ ಪರೀಕ್ಷಾಪತ್ರವನ್ನೂ ಇಟ್ಟಿದ್ದರು. ವಧುವಿನ ಸೋದರಮಾವ ಕನ್ನಡಕ ಹಾಕಿಕೊಂಡು ಪತ್ರವನ್ನು ತೆಗೆದು, ಪ್ರಯೋಗಾಲಯವೆಂಬ ಮಾತನ್ನು ಎಲ್ಲರಿಗೂ ಕೇಳುವಂತೆ ಓದಿದರು. ಹೆಂಗಸರ ಕಡೆಯಿಂದ ಯಾರೋ ನಕ್ಕಂತಾಯಿತು. ಪುರೋಹಿತರು ಅಕ್ಷತೆ ಎಲ್ಲಿ ಎಂದು ಕೇಳಿದರು. ಉಂಗುರ ಬೆರಳಿಗೆ ಸ್ವಲ್ಪ ಸಡಿಲವಾಗಿತ್ತು. ವರನ ತಾಯಿ ಅದರ ಒಳಬದಿಗೆ ನೂಲು ಸುತ್ತಿಕೊಟ್ಟರು.